ಕುದುರಿಯ ಕೊರಳು ಹಿಡಿದ ಕಾಳು, ಕೂಲಿಯವನ ಕಾಲು ಹಿಡಿದ ಕಾಳು

ನಮ್ಮ ಜತ್ತ ಸೀಮಿಯೊಳಗ ಕುದುರಿಗೆ ಹುರಳಿ ಇಡತಾರ, ಇಲ್ಲಾ ಕಡಲಿ ನೆನಿಸಿ ಇಡತಾರ. ಹಿರಿಯರು ಹಾಕಿಕೊಟ್ಟ ಪದ್ಧತಿ ಇದು. ಆದರ ಇನ್ನೊಂದು ಕಾಳು ಐತಿ. ಅದನ್ನ ದಿನಾ ತಿಂದ ಕುದುರಿ ನಿಂತಾಗ ನೆಟ್ಟಗ ಕಾಣತದ, ಗಾಡಿಗೆ ಹೂಡಿ ಓಡಿಸಿದರ ಉಸಿರು ಕಟ್ಟಿ ಬೀಳತದ. ಅದೇ ಕಾಳನ್ನ ತಿಂಗಳಾನುಗಟ್ಟಲೆ ಉಂಡ ಮನುಷ್ಯಾಗ ಕಾಲು ಹೋಗತಾವ. ಅದರ ಹೆಸರು ಕೇಸರಿ ಬೇಳೆ. ಮರಾಠಿಯವರು ಲಾಖ ಅಂತಾರ, ಹಿಂದಿಯವರು ಖೇಸಾರಿ ಅಂತಾರ.

ಕೇಸರಿ ಬಲು ಗಟ್ಟಿ ಬೆಳಿ. ಮಳಿ ಹೋದರೂ ಸಾಯೂದಿಲ್ಲ, ಹೊಲದಾಗ ನೀರು ನಿಂತರೂ ಸಾಯೂದಿಲ್ಲ. ವಿದರ್ಭದ ಭಂಡಾರಾ, ಚಂದ್ರಪುರ ಕಡೆ ಭತ್ತ ಕೊಯ್ಯೂ ಮೊದಲೇ ಹಸಿ ಮಣ್ಣಿನಾಗ ಕಾಳು ಚೆಲ್ಲಿಬಿಡತಾರ. ಉಳೂದು ಬ್ಯಾಡ, ಗೊಬ್ಬರ ಬ್ಯಾಡ. ಬರಗಾಲದಾಗ ಎಲ್ಲಾ ಬೆಳಿ ಕೈಬಿಟ್ಟಾಗ ಬಡವರ ಕೈ ಹಿಡಿಯೂದು ಇದೇ. ಕೈ ಹಿಡಿದಂಗ ಮಾಡಿ ಕಾಲು ಕಸಗೊಳ್ಳೂದೂ ಇದೇ.

ಠಗ್ಗರನ್ನ ಹಿಡಿದ ಸ್ಲೀಮನ್ ಸಾಹೇಬನ ಹೆಸರು ಮಾಸ್ತರರು ಕೇಳಿರಬೇಕು. ಅವನು 1844ರಲ್ಲಿ ಅಚ್ಚಾದ ತನ್ನ ಪುಸ್ತಕದೊಳಗ ಈಗಿನ ಮಧ್ಯಪ್ರದೇಶದ ಸಾಗರ ಸೀಮಿಯ ಸಂಗತಿ ಬರದಾನ. 1829ರಲ್ಲಿ ಆಣಿಕಲ್ಲು ಮಳಿಗೆ ಗೋಧಿ ಹೋತು. 1830ರಲ್ಲಿ ಮಳಿ ಸಾಲಲಿಲ್ಲ. 1831ರಲ್ಲಿ ಬೆಳಿಗೆ ರೋಗ ಬಿತ್ತು. ಗೋಧಿ ಹೊಲದಾಗ ಕಳೆಯಂಗ ಬೆಳೀತಿದ್ದ, ದನಕ್ಕ ಹಾಕೂ ಕೇಸರಿ ಮಾತ್ರ ಹುಲುಸಾಗಿ ಬಂತು. ಜನ ಅದನ್ನೇ ಉಂಡು ಜೀವ ಹಿಡಿದರು. 1833ರಲ್ಲಿ ಮೂವತ್ತರ ಒಳಗಿನ ಹರೇದ ಮಂದಿಗೆ ಸೊಂಟದ ಕೆಳಗ ಸ್ವಾಧೀನ ತಪ್ಪಲಿಕ್ಕೆ ಹತ್ತಿತು. ಯೂರೋಪಿನೊಳಗ ಇದು ಅದಕ್ಕಿಂತ ಮೊದಲೇ ತಿಳಿದಿತ್ತು. ಜರ್ಮನಿಯ ವುರ್ಟೆಂಬರ್ಗ್ ಅರಸ 1671ರಲ್ಲೇ ಈ ಹಿಟ್ಟಿನ ರೊಟ್ಟಿ ಮಾಡಬಾರದು ಅಂತ ಕಟ್ಟಪ್ಪಣಿ ಹೊರಡಿಸಿದ್ದ.

ಇನ್ನ ಕುದುರಿ ಮಾತಿಗೆ ಬರೂಣು. 1880ರ ದಶಕದಾಗ ನಮ್ಮ ದೇಶದ ಈ ಕಾಳು ಹಡಗಿನ್ಯಾಗ ಇಂಗ್ಲೆಂಡಿಗೆ ಹೋತು. ಸೋವಿ ಸಿಗತದಂತ ಬ್ರಿಸ್ಟಲ್, ಲಿವರ್‌ಪೂಲ್ ಶಹರದಾಗ ಗಾಡಿ ಎಳಿಯೂ ಕುದುರಿಗಳಿಗೆ ಹಾಕಿದರು. ಕೆಲವು ವಾರ ಏನೂ ಆಗಲಿಲ್ಲ. ಆಮ್ಯಾಲೆ ಭಾರ ಎಳಿಯೂವಾಗ ಕುದುರಿಗಳು ಗೊರಗೊರ ಸಪ್ಪಳ ಮಾಡತ ಉಸಿರು ಸಿಗದ ಬಿದ್ದು ಸಾಯಲಿಕ್ಕೆ ಹತ್ತಿದವು. ಗಂಟಲದ ಬಾಗಿಲು ತೆರಿಯೂ ನರ ಕುದುರಿಯ ಮೈಯೊಳಗ ಬಹಳ ಉದ್ದ. ವಿಷ ಆ ನರವನ್ನ ಹಿಡೀತದ. ಪಶುವೈದ್ಯರು ಕೊರಳಿಗೆ ತೂತು ಹಾಕಿ, ಕೊಳವಿ ಇಟ್ಟು ಕೆಲವನ್ನ ಉಳಿಸಿದರು. ಮೇವು ಬದಲಿಸಿದ ಮ್ಯಾಲೂ ಎಷ್ಟೋ ದಿನ ಹೊಸ ಕುದುರಿಗಳು ಬೀಳತಿದ್ದವು.

ಕುದುರಿಗೆ ಕಿಮ್ಮತ್ತು ಇತ್ತು. ಅದಕ್ಕಾಗಿ ಮಾಲಕ ವೈದ್ಯರನ್ನ ಕರದ, ಮೇವು ಬದಲಿಸಿದ. ನಮ್ಮ ದೇಶದ ರೀವಾ ಸೀಮಿಯೊಳಗ ಒಡೆಯರು ಜೀತದಾಳುಗಳಿಗೆ ಕೂಲಿ ಅಂತ ಈ ಕಾಳನ್ನೇ ಅಳದು ಕೊಡತಿದ್ದರು. ಕಾಲು ಹೋದರ ಬೇರೆ ಆಳು ಸಿಗತಿದ್ದ. ಆ ಜೀತ ಕಾಯ್ದೆಯಿಂದ ರದ್ದಾದದ್ದು 1976ಕ್ಕ. ಎರಡನೇ ಮಹಾಯುದ್ಧದಾಗ, 1942ರ ಕೊನಿಗೆ, ರುಮೇನಿಯಾದವರ ಕೈಯಾಗಿದ್ದ ವಾಪ್ನಿಯಾರ್ಕಾ ಕ್ಯಾಂಪಿನೊಳಗ ಯಹೂದಿ ಕೈದಿಗಳಿಗೆ ದನಕ್ಕ ಹಾಕೂ ಇದೇ ಕಾಳು ಬೇಯಿಸಿ ಹಾಕಿದರು. ನೂರಾರು ಮಂದಿಗೆ ಕಾಲು ಜೋಮು ಹಿಡಿದವು. ಕೈದಿಯಾಗಿದ್ದ ಡಾಕ್ಟರ್ ಆರ್ಥರ್ ಕೆಸ್ಲರ್ ಇದು ಕಾಳಿನ ರೋಗ ಅಂತ ಗುರುತು ಹಿಡಿದ. ಕೈದಿಗಳು ಉಪವಾಸ ಕೂತರು. ಆಮ್ಯಾಲೇ ಆ ಊಟ ನಿಂತಿತು. ಉಣ್ಣೂದನ್ನ ಆರಿಸಿಕೊಳ್ಳೂ ಹಕ್ಕು ಕುದುರಿಗೆ ಇಲ್ಲ, ಜೀತದಾಳಿಗೆ ಇರಲಿಲ್ಲ, ಕೈದಿಗೂ ಇರಲಿಲ್ಲ. ಈ ರೋಗ ಹಬ್ಬಿದ್ದು ಅಂಥವರೊಳಗ.

ನಮ್ಮ ಸರಕಾರ 1961ರಲ್ಲಿ ಕೇಸರಿ ಬೇಳೆ ಮಾರೂದನ್ನ ಬಂದ್ ಮಾಡಿತು. ಆದರೂ ಕೆಲವು ರಾಜ್ಯದಾಗ ಬೆಳಿಯೂದು ನಿಲ್ಲಲಿಲ್ಲ. 1964ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾವ್, ಅಡಿಗ, ಶರ್ಮ ಅನ್ನೂ ಮೂವರು ವಿಜ್ಞಾನಿಗಳು ಕಾಳಿನೊಳಗಿನ ವಿಷವನ್ನ ಬೇರೆ ತಗದು, ಅದು ಇಂಥಾದ್ದೇ ಅಂತ ತೋರಿಸಿದರು. ಕನ್ನಡ ನಾಡಿನಾಗ ಆದ ಈ ಕೆಲಸ ಜಗತ್ತಿನ ಬಡವರಿಗೆ ಉಪಯೋಗ ಬಂತು. ಅದರ ಮ್ಯಾಲೆ ವಿಷ ಕಡಿಮಿ ಇರೂ ರತನ್, ಪ್ರತೀಕ್ ಅನ್ನೂ ತಳಿ ಬಂದಾವ.

ಒಂದು ಹೊತ್ತು ಉಂಡರ ಯಾರೂ ಕುಂಟರಾಗೂದಿಲ್ಲ. ಊಟದಾಗ ಮೂರನೇ ಒಂದು ಪಾಲಿಗಿಂತ ಹೆಚ್ಚು ಇದೇ ಆಗಿ, ಎರಡು ಮೂರು ತಿಂಗಳು ನಡೆದರ ಗಂಡಾಂತರ. ಬಿಸಿನೀರಾಗ ನೆನಿಸಿ ಆ ನೀರು ಚೆಲ್ಲಿದರ ವಿಷ ಬಹಳಷ್ಟು ಇಳೀತದ, ಪೂರ್ತಿ ಹೋಗೂದಿಲ್ಲ. ತೊಗರಿ ಬೇಳೆಯೊಳಗ, ಕಡಲಿ ಹಿಟ್ಟಿನೊಳಗ ಇದನ್ನ ಕಲಬೆರಕಿ ಮಾಡೂದುಂಟು. ತೊಗರಿ ಬೇಳೆ ದುಂಡಗ ಇರತದ, ಕೇಸರಿಗೆ ಮೂಲಿ ಇರತದ, ಒಂದು ಕಡೆ ಓರೆ ಕಡದಂಗ ಕಾಣತದ. ಅಕ್ಕತಂಗೇರು ಬೇಳೆ ಹಸನ ಮಾಡೂವಾಗ ಮೊರದಾಗ ಇಷ್ಟು ನೋಡಿಕೊಂಡರ ಸಾಕು.

ನಾನು ಡೊಳ್ಳಿನ ಪದ ಹಾಡಾಂವ. ನಮ್ಮ ಪದಗಳೊಳಗ ಅರಸನ ಕುದುರಿಗೆ ಹೆಸರು ಐತಿ, ಬಣ್ಣ ಐತಿ, ಅದರ ಜೀನಿಗೂ ಒಂದು ನುಡಿ ಐತಿ. ಅದೇ ಕುದುರಿಗೆ ಕಾಳು ಇಟ್ಟವನ ಹೆಸರು ಇಲ್ಲ. ಸಾಗರದಾಗ, ರೀವಾದಾಗ ಕಾಲು ಕಳಕೊಂಡು ಕೋಲು ಹಿಡಿದವರ ಹೆಸರೂ ಯಾವ ಪುಸ್ತಕದಾಗೂ ಸಿಗಲಿಲ್ಲ. ಸಾಲಿ ಮಕ್ಕಳಿಗೆ ಬರಗಾಲದ ಪಾಠ ಹೇಳೂವಾಗ ಮಾಸ್ತರರು ಮಳಿ ಎಷ್ಟು ಬಿತ್ತು ಅನ್ನೂದರ ಜೋಡಿ, ಆಗ ಬಡವರು ಏನು ಉಂಡರು ಅನ್ನೂದನ್ನೂ ಹೇಳಬೇಕು.