ತೀರ್ವೆ ಯಾರದು, ರಿಯಾಯಿತಿ ಯಾರಿಗೆ?

ಬಡವರಿಗೆ ನಿಜವಾಗಿ ನೆರವಾದವರು ಯಾರು ಎಂಬ ಚರ್ಚೆ ಚುನಾವಣೆಯ ಕಾಲಕ್ಕೆ ಬಂಟ್ವಾಳದ ಪೇಟೆಯಲ್ಲಿಯೂ ಬೆಳ್ತಂಗಡಿಯ ಸಂತೆಕಟ್ಟೆಯಲ್ಲಿಯೂ ಮೂಡಬಿದ್ರೆಯ ಜಗಲಿಗಳಲ್ಲಿಯೂ ಏಳುವುದುಂಟು. ತೆರಿಗೆ ಇಳಿಸಿದವರು ನಾವೆಂದು ಒಂದು ಪಕ್ಷ, ಭೂಮಿ ಕೊಟ್ಟವರು ನಾವೆಂದು ಇನ್ನೊಂದು. ವಾಚಕರು ಕೊಂಚ ತಾಳ್ಮೆಯಿಂದ ಈ ಸೀಮೆಯ ತೀರ್ವೆಯ ಚರಿತ್ರೆಯನ್ನು ತಿರುವಿ ನೋಡಿದರೆ, ಇವೆರಡೂ ಬೇರೆ ಬೇರೆ ಜನರಿಗೆ ಸಂದ ಉಪಕಾರಗಳೆಂಬುದು ತಿಳಿದುಬರುವುದು.

1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಬಳಿಕ ಕನ್ನಡ ಜಿಲ್ಲೆ ಕಂಪೆನಿ ಸರಕಾರದ ವಶವಾಯಿತು. ಮೂಡಬಿದ್ರೆಯ ಚೌಟರು, ಬಂಗಾಡಿಯ ಬಂಗರು, ವೇಣೂರಿನ ಅಜಿಲರು ಮೊದಲಾದ ಜೈನ ಅರಸರ ಆಳ್ವಿಕೆಯ ದಿನಗಳು ಮುಗಿದವು. ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಹಳೆಯ ಲೆಕ್ಕಗಳನ್ನು ಕೆದಕಿದಾಗ ಕಂಡುದಿಷ್ಟು: ವಿಜಯನಗರದ ಕಾಲದ ಕಟ್ಟಳೆಯ ಮೇಲೆ ಕೆಳದಿಯವರು ಒಂದಿಷ್ಟು ಹೇರಿದ್ದರು, ಅದರ ಮೇಲೆ ಹೈದರ್ ಮತ್ತು ಟಿಪ್ಪು ಇನ್ನಷ್ಟು ಹೇರಿದ್ದರು. ಹಳೆಯದಕ್ಕೆ ಶಿಸ್ತು, ಸೇರಿಸಿದ್ದಕ್ಕೆ ಶಾಮಿಲು ಎಂದು ಹೆಸರು. ಇಲ್ಲಿ ಭೂಮಿಯ ಖಾಸಗಿ ಒಡೆತನ ಬಹು ಪುರಾತನವೆಂಬುದನ್ನೂ ಆತ ಒಪ್ಪಿಕೊಂಡ. ಸರಕಾರಕ್ಕೆ ತೀರ್ವೆ ಕಟ್ಟುವವನು ವರ್ಗದಾರ. ವರ್ಗದಾರನ ಕೆಳಗೆ ಮೂಲಗೇಣಿಯ ಒಕ್ಕಲು, ಚಾಲಗೇಣಿಯ ಒಕ್ಕಲು. ಎಲ್ಲರ ಕೆಳಗೆ ಬೆಳಗಿನಿಂದ ಬೈಗಿನ ತನಕ ಗದ್ದೆಯಲ್ಲಿ ಬಾಗಿದ ಆಳು. ಮೂಲಗೇಣಿಯವನ ಗೇಣಿ ಶಾಶ್ವತ, ಏರಿಸುವಂತಿಲ್ಲ. ಚಾಲಗೇಣಿಯವನದೋ ಧಣಿಯ ಚಿತ್ತ.

ಈ ಮೆಟ್ಟಿಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ 1830–31ರ ‘ಕೂಟ’ಗಳನ್ನು ನೋಡಬೇಕು. ಧಾನ್ಯದ ಬೆಲೆ ಕುಸಿದಿತ್ತು; ತೀರ್ವೆ ಮಾತ್ರ ನಗದಾಗಿ, ಮೊದಲಿನಂತೆಯೇ ನಿಂತಿತ್ತು. ರೈತರು ಗುಂಪುಗೂಡಿ ತೀರ್ವೆ ಕಟ್ಟುವುದಿಲ್ಲವೆಂದರು. ಆಯುಧಕ್ಕಿಂತ ಮಿಗಿಲಾಗಿ ಒಗ್ಗಟ್ಟನ್ನೇ ನೆಚ್ಚಿದ ಚಳುವಳಿಯದು. ಗಾಂಧೀಜಿಯವರು ಹುಟ್ಟುವುದಕ್ಕೆ ಸುಮಾರು ನಾಲ್ಕು ದಶಕ ಮೊದಲೇ ನಮ್ಮ ಕರಾವಳಿಯಲ್ಲಿ ಕರನಿರಾಕರಣೆ ನಡೆದಿತ್ತೆಂಬುದು ಅಭಿಮಾನದ ಮಾತೇ ಸರಿ. ಆದರೆ ತೀರ್ವೆ ಇಳಿದರೆ ಚಾಲಗೇಣಿಯವನ ಗೇಣಿ ಒಂದು ಮುಡಿಯಷ್ಟಾದರೂ ಇಳಿಯಬೇಕೆಂಬ ನಿಯಮ ಎಲ್ಲಿತ್ತು? ರಿಯಾಯಿತಿ ವರ್ಗದಾರನ ಕಣಜದಲ್ಲೇ ತಂಗಿದರೆ ಕೇಳುವವರಿರಲಿಲ್ಲ.

1837ರ ಕಲ್ಯಾಣಪ್ಪನ ಕಾಟಕಾಯಿ ಇನ್ನೊಂದು ಬಗೆಯದು. 1834ರಲ್ಲಿ ಕೊಡಗು ಕಂಪೆನಿಯ ಕೈಸೇರಿದಾಗ ಅಮರ ಸುಳ್ಯ, ಪುತ್ತೂರು ಸೀಮೆಗಳು ಕನ್ನಡ ಜಿಲ್ಲೆಗೆ ಬಂದವು. ಅಲ್ಲಿಯವರೆಗೆ ಧಾನ್ಯರೂಪದಲ್ಲಿ ಸಲ್ಲಿಸುತ್ತಿದ್ದ ಕಂದಾಯವನ್ನು ನಗದಾಗಿ ಕೇಳಲಾಯಿತು. ದಂಡು ಪುತ್ತೂರಿನಿಂದ ಬಂಟ್ವಾಳದ ಮಾರ್ಗವಾಗಿ ಮಂಗಳೂರಿಗೆ ನುಗ್ಗಿತು. ನಂದಾವರದ ಲಕ್ಷ್ಮಪ್ಪ ಬಂಗರಸ ಜತೆಗೂಡಿದ. ಏಪ್ರಿಲ್ ತಿಂಗಳಲ್ಲಿ ಸುಮಾರು ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. ಕೊನೆಗೆ ಬಂಗರಸನಿಗೆ ಬಿಕರ್ನಕಟ್ಟೆಯಲ್ಲಿ ಗಲ್ಲಾಯಿತು. ಇವರು ಭೂಕಂದಾಯದ ಜತೆಗೆ ಉಪ್ಪು, ಹೊಗೆಸೊಪ್ಪುಗಳ ಹೊರೆಯನ್ನೂ ಎತ್ತಿ ಆಡಿದ್ದರೆಂಬುದು ಗಮನಾರ್ಹ. ಅಂಗೈಯಗಲ ನೆಲವಿಲ್ಲದವನೂ ಗಂಜಿಗೆ ಉಪ್ಪು ಹಾಕಲೇಬೇಕಷ್ಟೆ! ಬಡವನು ನೇರವಾಗಿ ತೆತ್ತ ತೆರಿಗೆ ಅದೇ. ಅದು ತೊಲಗಿದ್ದು 1947ರಲ್ಲಿ.

ಪಕ್ಷಗಳ ಮಾತಿಗೆ ಬರೋಣ. ಗೇಣಿದಾರರ ಪ್ರಶ್ನೆಯನ್ನು ಹಿಡಿದು ನಿಂತವರಲ್ಲಿ ಕಮ್ಯೂನಿಸ್ಟರು ಮುಂದಿದ್ದರು, ಅವರಲ್ಲೊಬ್ಬರಾದ ಬಿ. ವಿ. ಕಕ್ಕಿಲ್ಲಾಯರು 1972ರಲ್ಲಿ ಬಂಟ್ವಾಳದಿಂದ ವಿಧಾನಸಭೆಗೆ ಆಯ್ಕೆಯಾದರು. ಶಾಸನ ಮಾಡಿದ್ದು ಕಾಂಗ್ರೆಸ್ಸು. ಕಡಿದಾಳ್ ಮಂಜಪ್ಪನವರು ಕಂದಾಯ ಮಂತ್ರಿಗಳಾಗಿ ದುಡಿದು ರೂಪಿಸಿದ 1961ರ ಭೂಸುಧಾರಣಾ ಶಾಸನ 1965ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. ಆದರೆ ಸ್ವಂತ ಸಾಗುವಳಿಯ ಹೆಸರಿನಲ್ಲಿ ಧಣಿಗಳು ಭೂಮಿಯನ್ನು ಮರಳಿ ಪಡೆಯಲು ಅದರಲ್ಲಿ ಕಂಡಿಗಳಿದ್ದವು. ದೇವರಾಜ ಅರಸರ ಸರಕಾರ ತಂದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಒಕ್ಕಲು ಅರ್ಜಿ ಹಾಕಿ ಭೂನ್ಯಾಯಮಂಡಳಿಯ ಮುಂದೆ ನಿಂತ. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಓದುಬರಹ ಬಾರದವನೂ ತನ್ನ ಗದ್ದೆಯ ನಾಲ್ಕು ಗಡಿಗಳನ್ನು ತಾನೇ ಹೇಳಬೇಕು. ಹಾಗೆ ಕೈಗೆ ಬಂದ ನೆಲಕ್ಕೆ ‘ಡಿಕ್ಲರೇಶನ್ ಆದ ಜಾಗ’ ಎಂಬ ಮಾತು ನಮ್ಮ ಊರುಗಳಲ್ಲಿ ರೂಢಿಯಾಯಿತು.

ಅದರ ಬೆಲೆಯನ್ನು ತೆತ್ತವರೆಲ್ಲ ದೊಡ್ಡ ಧಣಿಗಳೇ ಎಂದು ತಿಳಿಯಬೇಡಿ. ಸೈನಿಕರು, ನಾವಿಕರನ್ನು ಬಿಟ್ಟರೆ ಆ ತಿದ್ದುಪಡಿ ಯಾರಿಗೂ ವಿನಾಯಿತಿ ಕೊಡಲಿಲ್ಲ. ವರ್ಷಕ್ಕೆ ಹತ್ತು ಮುಡಿ ಗೇಣಿಯ ಅಕ್ಕಿಯಿಂದ ಒಲೆ ಹೊತ್ತಿಸುತ್ತಿದ್ದ ವಿಧವೆಯೂ ಕಾನೂನಿನ ಕಣ್ಣಿಗೆ ಭೂಮಾಲಿಕಳೇ. ಅವಳ ಪರವಾಗಿ ಗಟ್ಟಿಯಾಗಿ ಕೂಗಿದ ಪಕ್ಷ ಬಹಳವಿಲ್ಲ. ಆದರೂ ಒಟ್ಟಿನ ಮೇಲೆ, ನೂರೈವತ್ತು ವರ್ಷಗಳ ತೀರ್ವೆ ರಿಯಾಯಿತಿಗಳು ಮಾಡದುದನ್ನು ಈ ಒಂದು ಶಾಸನ ಮಾಡಿತೆಂದೇ ನನ್ನ ಅಭಿಪ್ರಾಯ.

ಇನ್ನು ಎಲ್ಲರ ಕೆಳಗಿದ್ದ ಆಳು. ಗೇಣಿಚೀಟಿಯಾಗಲಿ ಗೇಣಿಯ ರಶೀದಿಯಾಗಲಿ ಅವನ ಬಳಿ ಎಂದೂ ಇರಲಿಲ್ಲವಾದುದರಿಂದ ಮಂಡಳಿಯ ಮುಂದೆ ಗದ್ದೆಯನ್ನು ಕೇಳುವ ಹಕ್ಕು ಅವನಿಗೆ ಹುಟ್ಟಲಿಲ್ಲ. ಧಣಿಯ ಜಾಗದಲ್ಲಿ ತಾನು ಕಟ್ಟಿಕೊಂಡಿದ್ದ ಗುಡಿಸಲಿನ ಅಡಿಸ್ಥಳವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಮಾತ್ರ ಶಾಸನದಲ್ಲಿ ಅವಕಾಶವಿತ್ತು. ಗದ್ದೆಯ ತೀರ್ವೆ ಈಗ ಹೆಸರಿಗಷ್ಟೇ ಉಳಿದಿದೆ. ಆ ಅಡಿಸ್ಥಳದ ಮೇಲೆ ಎದ್ದ ಮನೆಗೆ ಗ್ರಾಮ ಪಂಚಾಯತಿನ ಮನೆತೆರಿಗೆಯ ಚೀಟಿ ವರ್ಷವರ್ಷವೂ ಬರುತ್ತದೆ.