ಕಿಡಿಯೋ, ಕೆಂಡವೋ?

ಬಯಲಿನಲ್ಲಿ ಗುಂಯ್‌ಗುಟ್ಟುತ್ತ ಹಾರುವ ಮಾದರಿ ವಿಮಾನವನ್ನು ಕಂಡು ಮಕ್ಕಳಾಟವೆಂದು ನಕ್ಕು ಮುಂದೆ ಸಾಗುವವರೇ ಹೆಚ್ಚು. ಆದರೆ ಅದರ ಮೂತಿಯಲ್ಲಿರುವ ಮುಷ್ಟಿಗಾತ್ರದ ಎಂಜಿನು ಪೆಟ್ರೋಲನ್ನು ಉಣ್ಣಬೇಕೋ ಮದ್ಯಸಾರವನ್ನೋ ಎಂಬ ಪ್ರಶ್ನೆಯ ಹಿಂದೆ ಸ್ವಾರಸ್ಯವಾದ ಇತಿಹಾಸವೊಂದಿದೆ.

ಕಥೆ ಮೊದಲಾಗುವುದು ಅಮೆರಿಕದಲ್ಲಿ. 1930ರ ಸುಮಾರಿನಲ್ಲಿ ಇಂಥ ವಿಮಾನಗಳನ್ನು ಹೆಚ್ಚಾಗಿ ಹಾರಿಸುತ್ತಿದ್ದುದು ಹುರಿಗೊಳಿಸಿದ ರಬ್ಬರಿನ ಎಳೆಗಳು. 1933ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಮ್ಯಾಕ್ಸ್‌ವೆಲ್ ಬ್ಯಾಸೆಟ್ ಎಂಬ ತರುಣನ ವಿಮಾನ ರಬ್ಬರಿನ ವಿಮಾನಗಳನ್ನು ಹಿಂದೆ ಹಾಕಿತು. ಅದರಲ್ಲಿದ್ದುದು ವಿಲಿಯಂ ಬ್ರೌನ್ ರಚಿಸಿದ ಪುಟ್ಟ ಪೆಟ್ರೋಲ್ ಎಂಜಿನು. ಸುಮಾರು 10 ಘನ ಸೆಂಟಿಮೀಟರಿನ 'ಬ್ರೌನ್ ಜೂನಿಯರ್' ಎಂಜಿನು ಬಳಿಕ ಅಂಗಡಿಗಳಿಗೂ ಬಂದಿತು. ಆದರೆ ಪೆಟ್ರೋಲು ಹೊತ್ತಿಕೊಳ್ಳಲು ಪ್ರತಿ ಸುತ್ತಿಗೂ ತಕ್ಕ ಸಮಯಕ್ಕೆ ಕಿಡಿ ಬೇಕು. ಆ ಕಿಡಿಗಾಗಿ ಬ್ಯಾಟರಿ, ಕಾಯಿಲು, ಕಂಡೆನ್ಸರುಗಳ ಗಂಟನ್ನೆಲ್ಲ ಬಡಪಾಯಿ ವಿಮಾನವೇ ಹೊರಬೇಕಾಗಿತ್ತು.

1947ರಲ್ಲಿ ರೇ ಆರ್ಡೆನ್ ಎಂಬಾತ ಈ ಹೊರೆಯನ್ನು ಇಳಿಸಿದ. ಅವನು ಮಾರುಕಟ್ಟೆಗೆ ತಂದ ಗ್ಲೋ ಪ್ಲಗ್ಗಿನಲ್ಲಿ ಇದ್ದುದು ಪ್ಲಾಟಿನಂ ತಂತಿಯ ಒಂದು ಸಣ್ಣ ಸುರುಳಿ. ಹೊರಗಿನ ಬ್ಯಾಟರಿಯಿಂದ ಅದನ್ನು ಕಾಯಿಸಿ, ಎಂಜಿನು ತಿರುಗತೊಡಗಿದ ಮೇಲೆ ಬ್ಯಾಟರಿಯನ್ನು ಕಳಚಿಬಿಟ್ಟರಾಯಿತು. ಮಿಥೈಲ್ ಮದ್ಯಸಾರದ ಆವಿ ಪ್ಲಾಟಿನಂ ಅನ್ನು ಸೋಂಕಿದಾಗ ಶಾಖ ಹುಟ್ಟುತ್ತದೆ. ಸಿಲಿಂಡರಿನ ಬಿಸಿಯೂ ಸೇರಿ ಸುರುಳಿ ಕೆಂಡದಂತೆಯೇ ಉಳಿಯುತ್ತದೆ. ಜಾರುವಿಕೆಗೆ ಬೆರೆಸುತ್ತಿದ್ದುದು ನಮ್ಮ ಮನೆಗಳಿಗೆ ಚಿರಪರಿಚಿತವಾದ ಹರಳೆಣ್ಣೆ! ಅದು ಪೆಟ್ರೋಲಿನೊಡನೆ ಸರಿಯಾಗಿ ಕೂಡದು, ಮದ್ಯಸಾರದಲ್ಲಿ ಸಲೀಸಾಗಿ ಕರಗುತ್ತದೆ. ಕೆಲವೇ ವರ್ಷಗಳಲ್ಲಿ ಕಿಡಿ ಮೂಲೆಗೆ ಸರಿಯಿತು, ಕೆಂಡ ಗೆದ್ದಿತು.

ಆದರೆ ಮದ್ಯಸಾರಕ್ಕೊಂದು ಕೊರತೆಯುಂಟು. ತೂಕಕ್ಕೆ ತೂಕ ನೋಡಿದರೆ ಅದು ಪೆಟ್ರೋಲಿನ ಅರ್ಧದಷ್ಟು ಶಾಖವನ್ನೂ ಕೊಡದು. ಹತ್ತು ನಿಮಿಷದ ಹಾರಾಟಕ್ಕೆ ಇದು ದೊಡ್ಡ ಮಾತಲ್ಲ. ಸಾಗರವನ್ನೇ ದಾಟಬೇಕೆಂದರೆ?

ಅದನ್ನು ಸಾಧಿಸಹೊರಟವರು ಅಮೆರಿಕದ ಮೇನಾರ್ಡ್ ಹಿಲ್. ವಯಸ್ಸು 77, ಕಣ್ಣು ಬಹುಮಟ್ಟಿಗೆ ಹೋಗಿತ್ತು. ನಿಯಮದಂತೆ ವಿಮಾನದ ಒಟ್ಟು ತೂಕ 5 ಕಿಲೋಗ್ರಾಂ ಮೀರುವಂತಿರಲಿಲ್ಲ. ಅದರಲ್ಲಿ ಅರ್ಧಕ್ಕೆ ಸಮೀಪದಷ್ಟನ್ನು ಇಂಧನಕ್ಕೇ ಮೀಸಲಿಡಬೇಕಾಯಿತು. 2002ರಲ್ಲಿ ಕಳುಹಿಸಿದ ವಿಮಾನಗಳು ದಡ ಸೇರಲಿಲ್ಲ. ಆದರೂ ಹಿಲ್ ಕೈಬಿಡಲಿಲ್ಲ. ಗ್ಲೋ ಎಂಜಿನೊಂದನ್ನೇ ಮತ್ತೆ ಕಿಡಿಗೆ ಒಗ್ಗಿಸಿ, ಲಾಂದ್ರಕ್ಕೆ ಹಾಕುವ, ಪೆಟ್ರೋಲಿನ ಜಾತಿಯ ಇಂಧನವನ್ನು ತುಂಬಿದರು. ಕಿಡಿ ಹಾರಿಸುವ ಸಾಧನವೂ ಅಷ್ಟು ಹೊತ್ತಿಗೆ ಹಗುರವಾಗಿತ್ತು. 2003ರ ಆಗಸ್ಟ್ 9ರಂದು ಕೆನಡದ ನ್ಯೂಫೌಂಡ್‌ಲೆಂಡಿನಿಂದ ಹೊರಟ ವಿಮಾನ, ಸುಮಾರು 39 ಗಂಟೆಗಳಲ್ಲಿ 3,000 ಕಿಲೋಮೀಟರಿಗೂ ಹೆಚ್ಚು ದೂರ ಹಾರಿ, 11ರಂದು ಐರ್ಲೆಂಡಿನ ನೆಲವನ್ನು ಮುಟ್ಟಿತು.

ಹಾಗಾದರೆ ಯಾವುದು ಮೇಲು? ಹಗುರವಾದ ಸಣ್ಣ ವಿಮಾನಕ್ಕೆ ಕೆಂಡ, ದೂರದ ಹಾದಿಗೂ ಭಾರಿ ಗಾತ್ರದ ಮಾದರಿಗೂ ಕಿಡಿ. ಹಳತೆಂದು ಮೂಲೆಗಿಟ್ಟ ಉಪಾಯ ಸೋತದ್ದೆಂದೇ ಅರ್ಥವಲ್ಲ. ಅದಕ್ಕೆ ತಕ್ಕ ಕೆಲಸ ಇನ್ನೂ ಬಂದಿಲ್ಲವೆಂದೂ ಇರಬಹುದು.