ಸಾಮಾಜಿಕ ಜಾಲತಾಣ: ಹುಟ್ಟು ಮತ್ತು ಬೆಳವಣಿಗೆ

ಸದಸ್ಯರು ತಮ್ಮ ಹೆಸರಿನಲ್ಲಿ ಪುಟ ತೆರೆದು, ಪರಿಚಿತರನ್ನು ಸೇರಿಸಿಕೊಂಡು, ಬರಹ, ಚಿತ್ರ, ಸುದ್ದಿ ಹಂಚಿಕೊಳ್ಳುವ ಅಂತರಜಾಲ ವ್ಯವಸ್ಥೆಗೆ ಸಾಮಾಜಿಕ ಜಾಲತಾಣ ಎಂದು ಹೆಸರು.

ಇದರ ಬೇರು ಇಂದಿನ ಅಂತರಜಾಲಕ್ಕಿಂತ ಹಳೆಯದು. 1973ರಲ್ಲಿ ಅಮೆರಿಕದ ಬರ್ಕ್ಲಿ ನಗರದ ಗ್ರಾಮಫೋನ್ ರೆಕಾರ್ಡ್ ಅಂಗಡಿಯೊಂದರಲ್ಲಿ ‘ಕಮ್ಯುನಿಟಿ ಮೆಮೊರಿ’ ಎಂಬ ಕಂಪ್ಯೂಟರ್ ಟರ್ಮಿನಲ್ ಇಡಲಾಯಿತು. ಬಂದವರು ಅದರಲ್ಲಿ ಸಂದೇಶ ಬರೆದಿಡುತ್ತಿದ್ದರು, ಬೇಕಾದವರು ಹುಡುಕಿ ಓದುತ್ತಿದ್ದರು. ಬಸದಿಯ ಸೂಚನಾ ಫಲಕದ ಕೆಲಸವೇ ಅದು. 1978ರಲ್ಲಿ ಷಿಕಾಗೋದ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸ್ಯೂಸ್ ಇಂಥದೇ ಫಲಕವನ್ನು ಮನೆಯಿಂದಲೇ ದೂರವಾಣಿ ಮೂಲಕ ತಲುಪುವಂತೆ ಮಾಡಿದರು.

ಪರಿಚಿತರ ಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡ ಮೊದಲ ತಾಣಗಳಲ್ಲಿ 1997ರ ‘ಸಿಕ್ಸ್ ಡಿಗ್ರೀಸ್’ ಮುಖ್ಯವಾದುದು. ಸದಸ್ಯರ ಪರಿಚಿತರಲ್ಲಿ ಹೆಚ್ಚಿನವರಿಗೆ ಆಗ ಅಂತರಜಾಲವೇ ಇರಲಿಲ್ಲ. ಅದು ಕೆಲವೇ ವರ್ಷಗಳಲ್ಲಿ ಮುಚ್ಚಿತು. 2002ರಲ್ಲಿ ಫ್ರೆಂಡ್‌ಸ್ಟರ್, 2003ರಲ್ಲಿ ಲಿಂಕ್ಡ್‌ಇನ್ ಮತ್ತು ಮೈಸ್ಪೇಸ್ ಬಂದವು.

ಭಾರತದಲ್ಲಿ ಹಲವರಿಗೆ ಮೊದಲ ಪರಿಚಯವಾದದ್ದು ಆರ್ಕುಟ್. ಗೂಗಲ್ ಉದ್ಯೋಗಿ, ಟರ್ಕಿ ಮೂಲದ ಆರ್ಕುಟ್ ಬುಯುಕೊಕ್ಟೆನ್ 2004ರ ಜನವರಿಯಲ್ಲಿ ತಮ್ಮ ಹೆಸರಿನಲ್ಲೇ ಇದನ್ನು ಆರಂಭಿಸಿದರು. ಮೊದಮೊದಲು ಸದಸ್ಯರೊಬ್ಬರು ಆಹ್ವಾನಿಸಿದರಷ್ಟೇ ಪ್ರವೇಶ. ಹುಟ್ಟಿದ್ದು ಅಮೆರಿಕದಲ್ಲಾದರೂ ಅದು ನೆಲೆಯೂರಿದ್ದು ಬ್ರೆಜಿಲ್ ಮತ್ತು ಭಾರತದಲ್ಲಿ.

2004ರ ಫೆಬ್ರವರಿಯಲ್ಲಿ ಹಾರ್ವರ್ಡ್ ವಿದ್ಯಾರ್ಥಿಗಳಿಗಾಗಿ ಶುರುವಾದ ಫೇಸ್‌ಬುಕ್, 2006ರ ಸೆಪ್ಟೆಂಬರ್‌ನಲ್ಲಿ 13 ವರ್ಷ ದಾಟಿದ ಎಲ್ಲರಿಗೂ ತೆರೆಯಿತು. ಶ್ರವಣಬೆಳಗೊಳದಲ್ಲಿ 2006ರ ಫೆಬ್ರವರಿಯಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ ಸಾರ್ವಜನಿಕರಿಗೆ ಫೇಸ್‌ಬುಕ್ ಇರಲಿಲ್ಲ, ಟ್ವಿಟರ್ ಹುಟ್ಟಿರಲಿಲ್ಲ. ವಾಟ್ಸ್‌ಆ್ಯಪ್ ಬಂದದ್ದು 2009ರಲ್ಲಿ, ಇನ್‌ಸ್ಟಾಗ್ರಾಂ 2010ರಲ್ಲಿ. 2016ರ ನಂತರ ಮೊಬೈಲ್ ಡೇಟಾ ಅಗ್ಗವಾಯಿತು. 2018ರ ಅಭಿಷೇಕದ ವೇಳೆಗೆ ಇವೆಲ್ಲವೂ ಭಕ್ತರ ಕೈಯಲ್ಲಿದ್ದವು. ಹನ್ನೆರಡೇ ವರ್ಷದ ಅಂತರ!

ತಾಣ ಮುಚ್ಚಿದರೆ ಅದರಲ್ಲಿಟ್ಟದ್ದರ ಗತಿಯೇನು? ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ನಿಂತಿತು. ಸದಸ್ಯರು ತಮ್ಮ ಚಿತ್ರಗಳನ್ನು ಇಳಿಸಿಕೊಳ್ಳಲು 2016ರ ಸೆಪ್ಟೆಂಬರ್‌ವರೆಗೆ ಅವಕಾಶವಿತ್ತು, ಆಮೇಲೆ ಇಲ್ಲ. ಮೈಸ್ಪೇಸ್ ಮುಚ್ಚಲೂ ಇಲ್ಲ. ಆದರೂ ಸರ್ವರ್ ಬದಲಾಯಿಸುವಾಗ ಅದರ ಹಳೆಯ ಹಾಡು, ಚಿತ್ರಗಳು ಕಳೆದುಹೋದದ್ದು 2019ರಲ್ಲಿ ಬೆಳಕಿಗೆ ಬಂತು.

ಪಂಚಕಲ್ಯಾಣದ ಆಮಂತ್ರಣ, ಚಾತುರ್ಮಾಸದ ಪ್ರವಚನ, ಹಿರಿಯರ ಚಿತ್ರಗಳು ವಾಟ್ಸ್‌ಆ್ಯಪ್ ಗುಂಪಿನಲ್ಲಷ್ಟೇ ಇರುವ ಮನೆಗಳು ಇದನ್ನು ಗಮನಿಸಬೇಕು. ಅಲ್ಲಿ ತಲುಪಿದ ಸಂದೇಶವನ್ನು ಸಂಸ್ಥೆ ಸಾಮಾನ್ಯವಾಗಿ ತನ್ನ ಸರ್ವರ್‌ನಲ್ಲಿ ಉಳಿಸಿಕೊಳ್ಳುವುದಿಲ್ಲ. ಅದು ಇರುವುದು ಫೋನಿನಲ್ಲಿ, ಬ್ಯಾಕಪ್ ಮಾಡಿದ್ದರೆ ಅದರಲ್ಲಿ. ಫೇಸ್‌ಬುಕ್‌ನಲ್ಲಿ ಹಾಕಿದ್ದನ್ನೆಲ್ಲ ಒಟ್ಟಿಗೆ ಇಳಿಸಿಕೊಳ್ಳುವ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲಿದೆ.